ಮಳೆಗಾಲದಲ್ಲಿ ಒಮ್ಮೆ ಹಾಸಿಗೆಯ ಅಡಿ ಎತ್ತಿ ನೋಡಿ

ಕಳೆದ ವರ್ಷ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ ಬರುವ ತುಳು ತಿಂಗಳು) ಒಂದು ದಿನ ಬೆಡ್‌ಶೀಟ್ ಬದಲಿಸ್ಲಿಕ್ಕೆ ಅಂತ ಹಾಸಿಗೆಯ ಮೂಲೆ ಎತ್ತಿದೆ, ಕೈಗೆ ಚಂಡಿ ಚಂಡಿ ಆಯ್ತು. ಪೂರ್ತಿ ಎತ್ತಿ ಗೋಡೆಗೆ ಒರಗಿಸಿ ನೋಡಿದ್ರೆ ಅಡಿ ಇಡೀ ಬೂಷ್ಟು, ಕಪ್ಪು ಹಸಿರು ಚುಕ್ಕಿ ಚುಕ್ಕಿ, ಅದೂ ಎಲ್ಲೆಲ್ಲೋ ಅಲ್ಲ, ನಾವು ಮಲಗುವ ಜಾಗದ ಕೆಳಗೆ ಸರಿಯಾಗಿ, ಇಬ್ಬರು ಮಲಗಿದ ಆಕಾರಕ್ಕೆ. ಮೇಲಿಂದ ನೋಡಿದ್ರೆ ಎಂತದೂ ಗೊತ್ತಾಗ್ತಿರ್ಲಿಲ್ಲ, ಶೀಟ್ ವಾರ ವಾರ ಒಗೀತಿದ್ದೆ, ಒಳ್ಳೆ ಬೆಳ್ಳಗೆ ಇತ್ತು. ಮಗಳು ಒಂದೂವರೆ ತಿಂಗಳಿಂದ ಬೆಳಿಗ್ಗೆ ಎದ್ದ ಕೂಡ್ಲೆ ಹತ್ತು ಹದಿನೈದು ಸಲ ಸೀನ್ತಿದ್ದಳು, ಮಳೆಗೆ ಥಂಡಿ ಆಗಿದೆ ಅಂತ ನಾವು ಕಷಾಯ ಕುಡಿಸ್ತಾ ಇದ್ದದ್ದು. ಅವತ್ತು ನಂಗೆ ನಿಜವಾಗಿ ಅಳು ಬಂತು.

ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, "ಅದಕ್ಕೆ ಗಾಳಿ ಎಲ್ಲಿಂದ ಹೋಗ್ತದೆ ಮಗಾ? ನಿಂದು ಮಂಚವಾ ಪೆಟ್ಟಿಗೆಯಾ?"

ಪೆಟ್ಟಿಗೆಯೇ. ಫ್ಲ್ಯಾಟಲ್ಲಿ ಸಾಮಾನು ಇಡ್ಲಿಕ್ಕೆ ಜಾಗ ಇಲ್ಲ ಅಂತ ಅಡಿಯಲ್ಲಿ ಸ್ಟೋರೇಜ್ ಇರುವ ಬಾಕ್ಸ್ ಮಂಚ ಮಾಡಿಸಿದ್ದೆವು, ಮೇಲೆ ಪ್ಲೈವುಡ್ ಹಲಗೆ, ಅದಕ್ಕೆ ಮೈಕಾ, ಒಂದೇ ಒಂದು ತೂತು ಇಲ್ಲ. ಅದರ ಮೇಲೆ ಎಂಟು ಇಂಚಿನ ಫೋಮ್ ಹಾಸಿಗೆ. ಆಗುದು ಎಂತ ಅಂದ್ರೆ, ಬೆವರಿದ್ದು ಗೊತ್ತಾಗದೇ ಇದ್ರೂ ನಮ್ಮ ಚರ್ಮದಿಂದ ದಿನಕ್ಕೆ ಸುಮಾರು 400 ಮಿಲಿ ಲೀಟರ್ ನೀರು ಆವಿಯಾಗಿ ಹೋಗ್ತಾ ಇರ್ತದೆ, ರಾತ್ರಿ ಮಲಗಿದಾಗ ಅದರಲ್ಲಿ ಒಂದು ಪಾಲು ಹಾಸಿಗೆಯ ಒಳಗೇ ಇಳೀತದೆ, ಬೆಚ್ಚಗಿನ ಆವಿ ಕೆಳಗೆ ಹೋಗಿ ತಣ್ಣಗಿನ ಹಲಗೆಗೆ ತಾಗಿ ಅಲ್ಲೇ ಪಸೆಯಾಗಿ ಕೂತುಬಿಡ್ತದೆ. ಘಟ್ಟದ ಮೇಲಿನ ಒಣ ಊರುಗಳಲ್ಲಾದ್ರೆ ಹಗಲಲ್ಲಿ ಹೇಗೋ ಒಣಗ್ತದೆ. ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಗಾಳಿಯೇ ಒದ್ದೆ, ಅದು ಎಲ್ಲಿಗೆ ಹೋಗಿ ಒಣಗುದು? ಮೇಲಿಂದ ನಮ್ಮ ಬೆಡ್‌ರೂಮಿನ ಗೋಡೆ ಪಡುವಣಕ್ಕೆ, ಸಮುದ್ರದ ಕಡೆಯಿಂದ ಬರುವ ಮಳೆ ಇಡೀ ಅದಕ್ಕೇ ಹೊಡೀತದೆ, ಮಂಚದ ತಲೆಭಾಗ ಆ ಗೋಡೆಗೇ ಅಂಟಿಸಿ ಇಟ್ಟಿದ್ದೆವು.

ಅಮ್ಮ ಫೋನಲ್ಲಿ ಹೇಳುವಾಗ ನಂಗೆ ಹಳೇ ಮನೆ ನೆನಪಾಯ್ತು. ಅಲ್ಲಿ ಮಂಚ ಇದ್ದದ್ದು ಅಜ್ಜನಿಗೆ ಮಾತ್ರ, ಹಲಸಿನ ಮರದ್ದು, ಅಡ್ಡ ಹಲಗೆಗಳ ಮಧ್ಯ ಮಧ್ಯ ಎರಡು ಬೆರಳು ಹೋಗುವಷ್ಟು ಸಂದು. ನಾವೆಲ್ಲ ಚಾವಡಿಯಲ್ಲಿ ಚಾಪೆ ಹಾಸಿ ಅದರ ಮೇಲೆ ಹತ್ತಿ ಹಾಸಿಗೆ. ಎದ್ದ ಕೂಡ್ಲೆ ಸುತ್ತಿಡ್ಲಿಕ್ಕೆ ಇಲ್ಲ, ಮೊದಲು ಕೊಡಕಿ ಹಗ್ಗದ ಮೇಲೆ ಹಾಕಬೇಕು, ಸ್ನಾನ ತಿಂಡಿ ಎಲ್ಲ ಆದ ಮೇಲೆ ಮಡಚುದು. ಅಜ್ಜಿ ಇದಕ್ಕೆ ಕಾರಣ ಹೇಳಿದ್ದು ನಂಗೆ ನೆನಪಿಲ್ಲ, ಬೈದದ್ದು ನೆನಪುಂಟು. ತಲೆದಿಂಬು ಬೂರುಗದ ಹತ್ತಿದ್ದು, ಬೇಸಿಗೆಯಲ್ಲಿ ಕಾಯಿ ಒಡೆದಾಗ ಹೆಕ್ಕಿ ತಂದು ಬೀಜ ತೆಗೆದು ತುಂಬಿಸುದು. ಬೂರುಗದ ಎಳೆಯ ಮೇಲೆ ಮೇಣದ ಹಾಗೆ ಒಂದು ಪದರ ಇರ್ತದೆ, ಹಾಗಾಗಿ ಅದು ಸುಲಭದಲ್ಲಿ ನೀರು ಹೀರುದಿಲ್ಲ. ದಿನಾ ಎತ್ತುವ ಹಾಸಿಗೆಗೆ ಬೂಷ್ಟು ಬರ್ಲಿಕ್ಕೆ ಪುರುಸೊತ್ತು ಎಲ್ಲಿ ಸಿಗ್ತದೆ. ನಾವೀಗ ಹಾಸಿಗೆ ತಂದು ಮಂಚದ ಮೇಲೆ ಹಾಕಿದ್ರೆ ಮತ್ತೆ ಎತ್ತುದು ಮನೆ ಬದಲಿಸುವಾಗ ಮಾತ್ರ.

ಸರಿ, ಮಾಡಿದ್ದು ಎಂತ ಹೇಳ್ತೇನೆ. ನಮ್ಮ ಹಾಸಿಗೆಯ ಕವರಿಗೆ ಜಿಪ್ ಇತ್ತು, ತೆಗೆದು ನೋಡಿದ್ರೆ ಒಳಗಿನ ಫೋಮಿಗೆ ಬೂಷ್ಟು ಇಳಿದಿರ್ಲಿಲ್ಲ, ಅದು ಪುಣ್ಯ. ಕವರ್ 60 ಡಿಗ್ರಿ ಬಿಸಿನೀರಲ್ಲಿ ವಾಶಿಂಗ್ ಮೆಷಿನಿಗೆ ಹಾಕಿದೆ (ಲೇಬಲ್ ನೋಡಿ ಹಾಕಿ, ಕೆಲವು ಕವರ್ ಅಷ್ಟು ಬಿಸಿಗೆ ಕುಗ್ಗಿಹೋಗ್ತದೆ). ಹಲಗೆಯನ್ನು ಮಾಸ್ಕ್ ಹಾಕಿ, ಕಿಟಕಿ ತೆರೆದಿಟ್ಟು, ಮೆಡಿಕಲಲ್ಲಿ ಸಿಗುವ ಸ್ಪಿರಿಟ್ ಬಟ್ಟೆಗೆ ಹಾಕಿ ಎರಡೆರಡು ಸಲ ಒರೆಸಿದೆ, ಒಣ ಬೂಷ್ಟನ್ನು ಮನೆಯೊಳಗೆ ಪೊರಕೆಯಲ್ಲಿ ಗುಡಿಸಿದ್ರೆ ಅದರ ಪುಡಿ ಇಡೀ ರೂಮಿಗೆ ಹಾರಿ ಮೂಗಿಗೇ ಹೋಗುದು. ಮಗಳ ಸಣ್ಣ ಹಾಸಿಗೆ ಮಾತ್ರ ಉಳೀಲಿಲ್ಲ. ಫೋಮಿನ ಒಳಗೇ ಕಪ್ಪು ಇಳಿದಿತ್ತು, ಅದನ್ನು ಮೇಲಿಂದ ಎಷ್ಟು ತಿಕ್ಕಿದ್ರೂ ಒಳಗಿನದ್ದು ಹೋಗುದಿಲ್ಲ, ಬಿಸಾಡಿದೆವು. ದುಡ್ಡು ಹೋಯ್ತು ಅಂತ ಬೇಜಾರಾಯ್ತು, ಆದ್ರೆ ಮಗು ಅದರ ಮೇಲೆ ಮಲಗುದು ಬೇಡ.

ಆಮೇಲೆ ಆಚಾರಿಯನ್ನು ಕರೆಸಿ ಪ್ಲೈವುಡ್ಡಿಗೆ ಸಾಲಾಗಿ ತೂತು ಹೊಡೆಸಿದೆವು, ಒಂದೊಂದು ಒಂದಿಂಚು ಅಗಲದ್ದು, ಬಾಕ್ಸಿನ ಬದಿಗಳಲ್ಲೂ ನಾಲ್ಕು ನಾಲ್ಕು. ಅವರು, "ಹೊಸ ಮಂಚ ಹಾಳು ಮಾಡುದಾ ಮೇಡಂ" ಅಂತ ಎರಡು ಸಲ ಕೇಳಿದ್ರು. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದಿಟ್ಟೆವು. ಇಷ್ಟು ಮಾಡಿದ್ದರಿಂದ ಆದ ವ್ಯತ್ಯಾಸ ಬೇರೆ ಯಾವ ಕ್ಲೀನಿಂಗಿನಿಂದಲೂ ಆಗ್ಲಿಲ್ಲ, ನಾನು ಗಟ್ಟಿಯಾಗಿ ಹೇಳ್ತೇನೆ.

ಕ್ಲೀನಿಂಗ್ ಅಂದಾಗ ನೆನಪಾಯ್ತು. ಅದಕ್ಕಿಂತ ಮುಂಚೆ ಜೂನಲ್ಲೇ ಒಂದು ಕಡೆಯವರನ್ನು ಕರೆಸಿದ್ದೆ, ಸೋಫಾ ಹಾಸಿಗೆ ಎಲ್ಲ ಶಾಂಪೂ ಹಾಕಿ ತೊಳೆದು ಕೊಡುವವರು. ಎರಡು ಗಂಟೆಯಲ್ಲಿ ಒಣಗ್ತದೆ ಅಂತ ಹೇಳಿ ಹೋದ್ರು, ಮೂರು ದಿನ ಆದ್ರೂ ಕೈಯಲ್ಲಿ ಒತ್ತಿದ್ರೆ ತಂಪು ಇತ್ತು, ನಾವು ಅದರ ಮೇಲೇ ಮಲಗಿದೆವು. ಬೂಷ್ಟು ಶುರುವಾದದ್ದು ಅಲ್ಲಿಂದಲೇ ಅಂತ ನನ್ನ ಲೆಕ್ಕ. ಮಳೆಗಾಲದಲ್ಲಿ ಹಾಸಿಗೆಗೆ ನೀರು ತಾಗಿಸ್ಲೇ ಬಾರದು. ಮಾಡಿಸುದಾದ್ರೆ ಡಿಸೆಂಬರ್ ಜನವರಿಯಲ್ಲಿ ಮಾಡಿಸಿ.

ಮಕ್ಕಳು ಉಚ್ಚೆ ಹೊಯ್ದಾಗ ಎಂತ ಮಾಡುದು ಅಂತ ತುಂಬ ಜನ ಕೇಳ್ತಾರೆ. ಮೊದಲು ಒಣ ಟವೆಲ್ ಇಟ್ಟು ಮೇಲೆ ನಿಂತು ಒತ್ತಿ, ಉಜ್ಜಬೇಡಿ, ಉಜ್ಜಿದ್ರೆ ಇನ್ನೂ ಒಳಗೆ ಇಳೀತದೆ. ಆಮೇಲೆ ಮೆಡಿಕಲಲ್ಲಿ ಸಿಗುವ 3 ಪರ್ಸೆಂಟಿನ ಹೈಡ್ರೋಜನ್ ಪೆರಾಕ್ಸೈಡ್ ಒಂದು ಕಪ್, ಅಡಿಗೆ ಸೋಡಾ ಮೂರು ಚಮಚ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಆಗಲೇ ಕಲಸಿ ಆಗಲೇ ಸ್ವಲ್ಪವೇ ಸ್ವಲ್ಪ ಹಾಕಿ, ಒಣಗಿದ ಮೇಲೆ ಪುಡಿಯನ್ನು ವ್ಯಾಕ್ಯೂಮ್‌ನಲ್ಲಿ ಎಳೆಯಿರಿ. ಉಳಿದದ್ದನ್ನು ಬಾಟಲಿಗೆ ತುಂಬಿಸಿ ಮುಚ್ಚಿಡಬೇಡಿ, ಗ್ಯಾಸ್ ತುಂಬಿ ಒಡೀತದೆ. ಬಣ್ಣದ ಬಟ್ಟೆಗೆ ಹಾಕಿದ್ರೆ ಬಣ್ಣ ಹೋಗ್ತದೆ, ಮೂಲೆಯಲ್ಲಿ ಹಾಕಿ ನೋಡಿ ಮೊದಲು. ರಕ್ತದ ಕಲೆಗೆ ತಣ್ಣೀರೇ ಆಗಬೇಕು, ಬಿಸಿನೀರು ಹಾಕಿದ್ರೆ ಕಲೆ ಗಟ್ಟಿ ಹಿಡ್ಕೊಳ್ತದೆ.

ಬರೀ ಸೋಡಾ ಪುಡಿ ಉದುರಿಸುದರಿಂದ ವಾಸನೆ ಹೋಗ್ತದೆ, ಹೌದು. ಧೂಳಿನ ಹುಳ ಅದರಿಂದ ಸಾಯ್ತದೆ ಅಂತ ನಂಬಬೇಡಿ. ಆ ಹುಳ ಕಣ್ಣಿಗೆ ಕಾಣುದಿಲ್ಲ, ನಮ್ಮ ಮೈಯಿಂದ ಉದುರುವ ಚರ್ಮದ ಪುಡಿ ತಿಂದು ಬದುಕ್ತದೆ, ನೀರು ಕುಡಿಯುದಿಲ್ಲ, ಗಾಳಿಯ ತೇವವನ್ನೇ ಮೈಯಿಂದ ಹೀರುದು, ಹಾಗಾಗಿ ನಮ್ಮ ಕರಾವಳಿ ಅಂದ್ರೆ ಅದಕ್ಕೆ ಸ್ವರ್ಗ. ಸೀನು ಬರುದು ಅದರ ಹಿಕ್ಕೆಯಿಂದ. ತೇವ 50 ಪರ್ಸೆಂಟಿಗಿಂತ ಕೆಳಗೆ ಹೋದ್ರೆ ಅದು ಒಣಗಿ ಸಾಯ್ತದೆ, ಇಲ್ಲಿ ಮಳೆಗಾಲದಲ್ಲಿ ಅದು ಆಗುವ ಮಾತಲ್ಲ. ನಾನು ತೇವ ನೋಡುವ ಒಂದು ಸಣ್ಣ ಮೀಟರ್ ತರಿಸಿದ್ದೇನೆ, ಜುಲೈಯಲ್ಲಿ ನಮ್ಮ ರೂಮಲ್ಲಿ 88 ತೋರಿಸ್ತಿತ್ತು, ಏಸಿಯನ್ನು ಡ್ರೈ ಮೋಡಲ್ಲಿ ಎರಡು ಗಂಟೆ ಇಟ್ಟಾಗ 62ಕ್ಕೆ ಇಳೀತು. ಈಗ ವಾರಕ್ಕೆ ಎರಡು ದಿನ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಫ್ಯಾನ್ ಹಾಕಿ, ಏಸಿ ಡ್ರೈಯಲ್ಲಿ ಬಿಡುದು. ಶೀಟು ತಲೆದಿಂಬಿನ ಕವರೆಲ್ಲ ವಾರಕ್ಕೊಮ್ಮೆ ಬಿಸಿನೀರಲ್ಲಿ.

ಒಂದು ವಿಷಯ ದಯವಿಟ್ಟು ಕೇಳಿ. ವಾಸನೆ ಬರ್ತದೆ ಅಂತ ಹಾಸಿಗೆಯ ಅಡಿಗೆ ನುಸಿಗುಳಿಗೆ ಹಾಕ್ತಾರೆ ಕೆಲವು ಮನೆಯಲ್ಲಿ. ನ್ಯಾಫ್ತಲೀನಿನ ಆವಿಯಿಂದ ಹಸುಗೂಸುಗಳ ರಕ್ತಕಣ ಒಡೆದು ಕಾಮಾಲೆ ಆಗುದುಂಟು, ಜಿ6ಪಿಡಿ ಕೊರತೆ (ರಕ್ತಕಣವನ್ನು ಕಾಪಾಡುವ ಒಂದು ಕಿಣ್ವ ಹುಟ್ಟಿನಿಂದಲೇ ಕಮ್ಮಿ ಇರುದು) ಇರುವವರಿಗೆ ಇನ್ನೂ ಅಪಾಯ. ಬಾಣಂತಿ ಇರುವ ಮನೆಯಲ್ಲಂತೂ ಬೇಡವೇ ಬೇಡ.

ಬಿಸಿಲಿಗೆ ಹಾಕುವ ವಿಷಯದಲ್ಲೂ ಎಲ್ಲ ಹಾಸಿಗೆಗೂ ಒಂದೇ ಲೆಕ್ಕ ಅಲ್ಲ. ಹತ್ತಿದ್ದಾದ್ರೆ ಅಂಗಳದಲ್ಲಿ ಇಡೀ ದಿನ ಹಾಕಿ, ಮಧ್ಯಾಹ್ನ ಮಗುಚಿ, ಕೋಲಲ್ಲಿ ಬಡೀರಿ, ಒಳ್ಳೆ ಉಬ್ಬಿ ಬರ್ತದೆ. ಫೋಮ್, ಲೇಟೆಕ್ಸ್ ಇದಕ್ಕೆಲ್ಲ ಖಡಕ್ ಬಿಸಿಲು ಆಗುದಿಲ್ಲ, ಹಳದಿಯಾಗಿ ಪುಡಿ ಪುಡಿ ಉದುರ್ತದೆ, ನೆರಳಲ್ಲಿ ಗಾಳಿಗೆ ನಿಲ್ಲಿಸಿದ್ರೆ ಸಾಕು. ನಾರಿನ ಹಾಸಿಗೆಯನ್ನು ಬೆಳಗ್ಗಿನ ಎಳೆ ಬಿಸಿಲಿಗೆ ಸ್ವಲ್ಪ ಹೊತ್ತು, ಯಾಕಂದ್ರೆ ಅದರಲ್ಲಿ ನಾರನ್ನು ಹಿಡಿದಿಡುದೇ ರಬ್ಬರ್.

ಮಗಳ ಸೀನು ನವರಾತ್ರಿ ಹೊತ್ತಿಗೆ ತುಂಬ ಕಮ್ಮಿ ಆಯ್ತು. ಅಮ್ಮನ ಮನೆಯಲ್ಲಿ ಹಾಸಿಗೆ ಅಂಗಳಕ್ಕೆ ಬರುದು ವರ್ಷಕ್ಕೆ ಎರಡು ಸಲ, ದೀಪಾವಳಿ ಕಳೆದ ಮೇಲೆ ಒಮ್ಮೆ, ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಒಮ್ಮೆ, ಹಪ್ಪಳ ಒಣಗಿಸುವ ಚಾಪೆಯ ಪಕ್ಕದಲ್ಲೇ. ಈ ಸಲ ಪತ್ತನಾಜೆಗೆ ಮೊದಲಿನ ಆದಿತ್ಯವಾರ ನಾವೂ ಹೋಗಿದ್ದೆವು, ಮಗಳಿಗೆ ಅಂತ ಅಮ್ಮ ಒಂದು ಹಳೇ ಹತ್ತಿ ಹಾಸಿಗೆಯನ್ನು ಹಿಂಜಿಸಿ ಹೊಸ ಬಟ್ಟೆ ಹಾಕಿ ಹೊಲಿಸಿ ಇಟ್ಟಿದ್ರು. ಸಂಜೆ ಬಿಸಿಲಿಂದ ಎತ್ತಿದ್ದನ್ನು ಹಾಗೇ ಬಿಸಿ ಬಿಸಿ ಇರುವಾಗಲೇ ಸುತ್ತಿ ಕಾರಿಗೆ ಹಾಕಿದ್ದು. ಮನೆಗೆ ಬಂದು ಬಿಚ್ಚುವಾಗಲೂ ಒಳಗೆ ಬೆಚ್ಚಗಿತ್ತು.