ಅಪ್ಪನ ಊರಿಗೆ ಹೋಗಿ ಒಂದು ದಿನ ಹಾಳು: ಬರ್ಮಾದಲ್ಲಿ ತೀರಿಕೊಂಡ ಅಜ್ಜನ ತಮ್ಮನನ್ನು ಹುಡುಕಿ ಉಡುಪಿಗೆ

ಮೊದಲೇ ಹೇಳಿಬಿಡುತ್ತೇನೆ, ಅಷ್ಟಮಿ ಹೊತ್ತಿಗೆ ಈ ಕೆಲಸ ಇಟ್ಟುಕೊಂಡು ಉಡುಪಿಗೆ ಹೋಗಬೇಡಿ. ಬೆಂಗಳೂರಿನಲ್ಲಿ ಕೃಷ್ಣಾಷ್ಟಮಿ ಮುಗಿದು ತಿಂಗಳಾಗಿತ್ತು, ಅದಕ್ಕೇ ಧೈರ್ಯವಾಗಿ ಹೊರಟಿದ್ದೆ. ಉಡುಪಿಯದು ಸೌರಮಾನದ ಲೆಕ್ಕ, ಕೆಲವು ವರ್ಷ ಒಂದು ತಿಂಗಳು ತಡವಾಗಿ ಬೀಳುತ್ತದೆ ಅಂತ ಗೊತ್ತಾದದ್ದು ಲಾಡ್ಜಿನ ಕೌಂಟರಿನಲ್ಲಿ. ಹುಲಿವೇಷದ ಹಿಂದೆ ಓಡುವ ಆಸೆಯಿದ್ದವರು ಖಂಡಿತ ಹೋಗಿ. ನನಗೆ ಜನಜಂಗುಳಿ ಆಗುವುದಿಲ್ಲ. ಕಿಟಕಿಯೇ ಇಲ್ಲದ ಕೋಣೆಗೆ 3,800 ರೂಪಾಯಿ ಕೊಡುವುದಂತೂ ಆಗುವುದೇ ಇಲ್ಲ. ಆದರೂ ಕೊಟ್ಟೆ. ಟವೆಲ್ ಒದ್ದೆಯಿತ್ತು, ಗೋಡೆ ಅದಕ್ಕಿಂತ ಒದ್ದೆಯಿತ್ತು, ತಾಸೆಯ ಸದ್ದು ಮಧ್ಯರಾತ್ರಿವರೆಗೂ ಎದೆಯೊಳಗೇ ಬಡಿಯುತ್ತಿತ್ತು. ಮರುದಿನವೇ ಚೀಲ ಎತ್ತಿಕೊಂಡು ಮಂಗಳೂರಿಗೆ ಹೋಗಿ ಉಳಿದೆ. ನೀವು ಮೊದಲೇ ಹಾಗೆ ಮಾಡಿ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಂದೂವರೆ ಗಂಟೆ, ಅಷ್ಟೆ.

ಹುಡುಕಲು ಹೊರಟಿದ್ದು ಅಜ್ಜನ ತಮ್ಮನನ್ನು. ಅಜ್ಜ ಹೋಟೆಲ್ ಕೆಲಸಕ್ಕೆಂದು ಹುಡುಗನಾಗಿದ್ದಾಗಲೇ ಘಟ್ಟ ಹತ್ತಿದವರು, ನಮ್ಮಪ್ಪನಿಗೆ ತಿಳಿವಳಿಕೆ ಬರುವ ಮೊದಲೇ ಹೋಗಿಬಿಟ್ಟರು. ‘ತಮ್ಮ ಬರ್ಮಾದಲ್ಲಿ ಹೋದ’ ಅನ್ನುವ ಒಂದು ಮಾತು ಬಿಟ್ಟರೆ ಮನೆಯಲ್ಲಿ ಏನೂ ಉಳಿದಿರಲಿಲ್ಲ.

ಬಸ್ಸು ಹತ್ತುವ ಮೊದಲು ಮನೆಯಲ್ಲೇ ಕೂತು ಮಾಡುವ ಕೆಲಸ ಒಂದಿದೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ 1917ರಲ್ಲಿ ಶುರುವಾದ ಸಂಸ್ಥೆ, ಎರಡೂ ಮಹಾಯುದ್ಧಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪಡೆಗಳಲ್ಲಿದ್ದು ಸತ್ತವರ ಪಟ್ಟಿಯನ್ನು ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿದೆ. ಹೆಸರಿನಿಂದ ಹುಡುಕಬೇಡಿ. ಐತ, ಅಂಗಾರ, ತುಕ್ರ, ತನಿಯ ಅಂತ ವಾರದ ಹೆಸರಿಟ್ಟುಕೊಂಡವರು ಆಗ ಊರಿಗೆ ಹತ್ತು ಮಂದಿ; ಅವನ್ನು ಇಂಗ್ಲಿಷಿನಲ್ಲಿ ಬರೆದ ಗುಮಾಸ್ತನಿಗೆ ತುಳು ಬರುತ್ತಿರಲಿಲ್ಲ. ಅದರ ಬದಲು ‘ಹೆಚ್ಚುವರಿ ಮಾಹಿತಿ’ ಅನ್ನುವ ಖಾನೆಯಲ್ಲಿ ಜಿಲ್ಲೆಯ ಹಳೇ ಹೆಸರು ಕೆನರಾ ಅಂತ ಹಾಕಿ, ಕೆ ಅಕ್ಷರದಿಂದ ಒಮ್ಮೆ, ಸಿ ಅಕ್ಷರದಿಂದ ಒಮ್ಮೆ. ಎರಡನೇ ಯುದ್ಧದ ಲೆಕ್ಕ 1947ರ ಡಿಸೆಂಬರ್ 31ರವರೆಗೂ ಹೋಗುತ್ತದೆ. ಹಾಗಾಗಿ ಗುಂಡು ತಗಲಿಯೇ ಸಾಯಬೇಕಿಲ್ಲ, ಯುದ್ಧ ಮುಗಿದ ಮೇಲೆ ಕ್ಯಾಂಪಿನಲ್ಲಿ ಜ್ವರ ಬಂದು ಹೋದ ಸೈನಿಕನೂ ಅದರಲ್ಲಿರಬಹುದು. ನಿಮ್ಮವರು ಮೊದಲನೇ ಯುದ್ಧಕ್ಕೆ ಹೋದವರಾದರೆ ಆಸೆ ಸ್ವಲ್ಪ ಕಡಿಮೆಯಿರಲಿ. ಭಾರತದ, ಆಫ್ರಿಕಾದ ಸಾವಿರಾರು ಸೈನಿಕರನ್ನು ಬಿಳಿಯರಂತೆ ಹೆಸರು ಹಿಡಿದು ಸ್ಮರಿಸಲಿಲ್ಲ ಅಂತ ಆ ಸಂಸ್ಥೆಯೇ ನೇಮಿಸಿದ ಸಮಿತಿ 2021ರಲ್ಲಿ ಬರೆದುಕೊಟ್ಟಿದೆ.

ನಮ್ಮವರು ಮೂರನೇ ರಾತ್ರಿ ಸಿಕ್ಕಿದರು. ಸರ್ವಿಸ್ ನಂಬರು, ಪಡೆ, 1944ರ ಒಂದು ತಾರೀಕು, ಇಂಥವರ ಮಗ, ಇಂಥ ಊರು, ಸೌತ್ ಕೆನರಾ. ಸಮಾಧಿ ಇಲ್ಲ. ರಂಗೂನಿನ ಹತ್ತಿರದ ತೌಕ್ಯಾನ್ ಯುದ್ಧ ಸ್ಮಶಾನದಲ್ಲಿ ರಂಗೂನ್ ಸ್ಮಾರಕ ಅಂತ ಇದೆ. ಸಮಾಧಿ ಗೊತ್ತಿಲ್ಲದ ಸುಮಾರು 27,000 ಜನರ ಹೆಸರು ಅದರ ಕಂಬಗಳ ಮೇಲಿದೆ. ಅದರಲ್ಲಿ ಇವರದೂ ಒಂದು.

ಊರಿನ ಹೆಸರು ಸಿಕ್ಕಿತಲ್ಲ, ಕೆಲಸ ಮುಗಿಯಿತು ಅಂದುಕೊಂಡೆ.

ಬಸ್ಸಿನ ಕಥೆ ಹೇಳದೆ ಮುಂದೆ ಹೋಗಲಾರೆ. ಬೆಂಗಳೂರಿನಿಂದ ರಾತ್ರಿಯ ಖಾಸಗಿ ಸ್ಲೀಪರ್, ಮೇಲಿನ ಬರ್ತ್. ಸಕಲೇಶಪುರ ದಾಟುತ್ತಿದ್ದಂತೆ ಎಸಿ ಕಿಂಡಿಯಿಂದ ಮೊಣಕಾಲ ಮೇಲೆ ನೀರು ತೊಟ್ಟಿಕ್ಕತೊಡಗಿತು. ಕ್ಲೀನರ್‌ಗೆ ಹೇಳಿದರೆ ಒಂದು ಹಳೇ ಪೇಪರ್ ಕೊಟ್ಟು ‘ಮುಚ್ಕೊಳ್ಳಿ ಸಾರ್’ ಅಂದ. ಕಿಂಡಿಯನ್ನೋ ಮೊಣಕಾಲನ್ನೋ ಹೇಳಲಿಲ್ಲ. ಶಿರಾಡಿಯಲ್ಲಿ ಲಾರಿ ಕೆಟ್ಟು ನಿಂತು ನಾಲ್ಕು ಗಂಟೆ ಅಲ್ಲೇ. ಬೆಳಗ್ಗೆ ಆರಕ್ಕೆ ಮಂಗಳೂರು ಅಂದವರು ಹನ್ನೊಂದು ದಾಟಿಸಿ ಪಂಪ್‌ವೆಲ್ಲಿನಲ್ಲಿ ಇಳಿಸಿದರು. ಟಿಕೆಟ್‌ನಲ್ಲಿದ್ದದ್ದು ಬೇರೆ ಸ್ಟಾಪು. ಮಳೆಗಾಲದ ಬಾಲ ಇನ್ನೂ ಇದ್ದಾಗ ಹೋಗುವವರು ರೈಲು ನೋಡಿ.

ಮೂಲ್ಕಿಯಿಂದ ಒಳಗೆ, ಕಿನ್ನಿಗೋಳಿ ಕಡೆಗೆ ಆ ಊರು. ಮನೆ ಸಿಕ್ಕಿತು, ಜನ ಒಳ್ಳೆಯವರು, ಬೆಲ್ಲ ನೀರು ಕೊಟ್ಟರು. ರಿಜಿಸ್ಟರಿನಲ್ಲಿದ್ದ ತಂದೆಯ ಹೆಸರು ಹೇಳಿದೆ. ‘ಹೌದು, ನಮ್ಮ ಹಿರಿಯರು’ ಅಂದರು. ಅವರ ಮಗ ಮಿಲಿಟರಿಗೆ ಹೋದವರು ಅಂದೆ. ಮುಖ ಮುಖ ನೋಡಿಕೊಂಡರು. ‘ಅಕುಲು ನಮ್ಮ ಕುಟುಂಬದಕುಲು ಅತ್ತ್’ ಅಂದರು ಹಿರಿಯರು. ಅವರು ನಮ್ಮ ಕುಟುಂಬದವರಲ್ಲ! ತಂದೆ ನಿಮ್ಮವರು, ಮಗ ಹೇಗೆ ಅಲ್ಲ? ಆಮೇಲೆ ಕೇಳಿದರು, ‘ಈರೆನ ಬರಿ ಒವು?’ ನಿಮ್ಮ ಬರಿ, ಅಂದರೆ ಗೋತ್ರದ ಹಾಗಿನ ವಂಶದ ಹೆಸರು, ಯಾವುದು ಅಂತ. ನಾನು ಪೆದ್ದನ ಹಾಗೆ ನನ್ನ ತಾಯಿಯ ಬರಿ ಹೇಳಿದೆ. ಅವರಿಗೆ ಬೇಕಾಗಿದ್ದದ್ದು ಅಜ್ಜನದು.

ಇಲ್ಲಿಗೆ ಬರುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು, ಉಳಿದದ್ದೆಲ್ಲ ತಾನಾಗಿ ಆಗುತ್ತದೆ. ಬಂಟರು, ಬಿಲ್ಲವರು, ಮೊಗವೀರರು ಹೀಗೆ ಅಳಿಯಕಟ್ಟಿನವರಲ್ಲಿ ಮಕ್ಕಳು ತಾಯಿಯ ಬರಿಗೆ ಸೇರಿದವರು. ಅಪ್ಪನ ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಈಗ ಇರುವವರು ಅಪ್ಪನ ಅಕ್ಕತಂಗಿಯರ ಸಂತಾನ. ಸೇನೆಯ ಗುಮಾಸ್ತ ‘ಇಂಥವರ ಮಗ’ ಅಂತ ಬರೆದುಕೊಂಡ, ಇದ್ಯಾವುದೂ ಅವನಿಗೆ ಗೊತ್ತಿರಲಿಲ್ಲ. ನೀವು ಹುಡುಕಬೇಕಾದದ್ದು ರಿಜಿಸ್ಟರಿನಲ್ಲಿ ಇಲ್ಲದ ಹೆಂಗಸನ್ನು, ಸೈನಿಕನ ತಾಯಿಯನ್ನು. ಆ ಹಿರಿಯರೇ ಯೋಚಿಸಿ ಯೋಚಿಸಿ, ‘ಅವರ ಹೆಂಡತಿಯ ಮನೆ ಶಿರ್ವದ ಬದಿ’ ಅಂದರು. ಮನೆಯ ಹೆಸರು ಹೇಳಲು ಮಾತ್ರ ಯಾಕೋ ಮನಸ್ಸು ಮಾಡಲಿಲ್ಲ. ಕಾರಣ ಆಮೇಲೆ ತಿಳಿಯಿತು.

ಸರಕಾರಿ ಕಾಗದದ ಬಗ್ಗೆ ಎರಡು ಮಾತು. ಒಂದು ಕಚೇರಿಯಲ್ಲಿ ‘1997ರ ಹಿಂದಿನದ್ದು ಮಂಗಳೂರಲ್ಲಿ’ ಅಂದರು, ಉಡುಪಿ ಜಿಲ್ಲೆ ಆದದ್ದೇ ಆಗ. ಇನ್ನೊಂದರಲ್ಲಿ ‘1956ರ ಹಿಂದಿನದ್ದು ಮದ್ರಾಸಲ್ಲಿ’ ಅಂದರು, ಅಲ್ಲಿವರೆಗೆ ಈ ಜಿಲ್ಲೆ ಮದ್ರಾಸಿನದು. ಇಬ್ಬರದೂ ಸುಳ್ಳಲ್ಲ, ಇಬ್ಬರೂ ಕುರ್ಚಿಯಿಂದ ಏಳಲಿಲ್ಲ ಅನ್ನುವುದೂ ಸುಳ್ಳಲ್ಲ. ಅರ್ಧ ಕುರ್ಚಿ ಖಾಲಿ, ‘ಅಷ್ಟಮಿ ಅಲ್ವಾ’. ಚೆನ್ನೈನ ಎಗ್ಮೋರಿನ ತಮಿಳುನಾಡು ಪತ್ರಾಗಾರಕ್ಕೆ ಹೋಗುವಷ್ಟು ಹಟ ನನ್ನಲ್ಲಿಲ್ಲ. ನಿಮ್ಮವರು ಕ್ರೈಸ್ತರಾದರೆ ಇಷ್ಟು ಕಷ್ಟವಿಲ್ಲ, ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕದಲ್ಲಿ ತಾಯಿಯ ಹೆಸರೂ ಇರುತ್ತದೆ. ಬಾಸೆಲ್ ಮಿಶನ್ ಸಭೆಯವರಾದರೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಮೊದಲು ಕೇಳಿ. ಉಡುಪಿಯ ಅಜ್ಜರಕಾಡಿನ ಹುತಾತ್ಮ ಸ್ಮಾರಕಕ್ಕೂ ಹೋಗಿ ಕೈಮುಗಿದು ಬಂದೆ. ಹುಡುಕಾಟಕ್ಕೆ ಅಲ್ಲಿಂದ ಏನೂ ಒದಗಲಿಲ್ಲ.

ನಡುವಿನ ಎರಡು ದಿನ ಬರೆಯುವಂಥದ್ದೇನೂ ಆಗಲಿಲ್ಲ. ಸುಮ್ಮನೆ ಮಳೆ.

ಶಿರ್ವಕ್ಕೆ ಕಟಪಾಡಿಯಿಂದ ಶಂಕರಪುರ ದಾರಿಯ ಸರ್ವಿಸ್ ಬಸ್ಸು ಹಿಡಿಯಿರಿ. ಬೆಳಗ್ಗೆಯಾದರೆ ಬಸ್ಸಿನ ತುಂಬ ಮಲ್ಲಿಗೆ ಕಟ್ಟುಗಳ ಪರಿಮಳ, ಉಡುಪಿಯ ಆ ಕೋಣೆಯ ವಾಸನೆ ಮೂಗಿನಿಂದ ಹೋದದ್ದು ಅಲ್ಲೇ. ಇಳಿದಲ್ಲಿ ಒಂದು ಹೆಂಚಿನ ಹೋಟೆಲು, ಬೋರ್ಡಿಲ್ಲ, ನಾಲ್ಕು ಬೆಂಚು. ಗಂಜಿ ಊಟ 70 ರೂಪಾಯಿ. ಕುಚ್ಚಲಕ್ಕಿ ಗಂಜಿ ತಟ್ಟೆಯಲ್ಲಿ ಕೆಂಪಗೆ ಹೊಗೆಯಾಡುತ್ತ ಬರುತ್ತದೆ, ಬದಿಗೆ ಹುರುಳಿ ಚಟ್ನಿ, ಒಣ ನಂಗ್ ಮೀನು ಸುಟ್ಟು ಮೆಣಸು ತೆಂಗಿನಕಾಯಿ ಜೊತೆ ಅರೆದ ಇನ್ನೊಂದು ಚಟ್ನಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ. ಬಂಗುಡೆ ಪುಳಿಮುಂಚಿಗೆ ಬೇರೆ ಕಾಸು. ಜೂನ್ ಜುಲೈ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಹೊರಟ ಕಾಲ, ಬಂಗುಡೆ ಹೊಟ್ಟೆ ತುಂಬಿಕೊಂಡಿತ್ತು. ಸಾರು ದಪ್ಪ, ಹುಳಿ ಮುಂದೆ, ಖಾರ ಹಿಂದಿನಿಂದ ಬಂದು ಕಿವಿ ಹಿಡಿಯುತ್ತದೆ. ಎರಡನೇ ಸಲ ಗಂಜಿ ಕೇಳಿದರೆ ಕಾಸಿಲ್ಲ, ಮೂರನೇ ಸಲ ಕೇಳಿದೆ, ಆಗಲೂ ಇಲ್ಲ. ಹನ್ನೆರಡೂವರೆ ಒಳಗೆ ಹೋಗಿ, ಒಂದು ಗಂಟೆಗೆ ಮೀನು ಖಾಲಿ.

ಹೋಟೆಲಿನವರ ಹತ್ತಿರವೇ ಕೇಳಿದೆ. ಈ ಸಲ ‘ಮಿಲಿಟರಿಗೆ ಹೋದವರ ಮನೆ’ ಅನ್ನಲಿಲ್ಲ. ಕಿನ್ನಿಗೋಳಿ ಬದಿಯ ಇಂಥ ಮನೆಗೆ ಸಂಬಂಧ ಆಗಿದ್ದ ಮನೆ ಯಾವುದು ಅಂತ ಕೇಳಿದೆ. ಪಾತ್ರೆ ತೊಳೆಯುತ್ತಿದ್ದ ಹೆಂಗಸು ತಲೆಯೆತ್ತದೆ ಮನೆಯ ಹೆಸರು ಹೇಳಿದಳು.

ಆ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬರು ಇದ್ದಾರೆ, ಸೈನಿಕನ ಅಕ್ಕನ ಮಗಳು. ಅವರಿಗೆ ಇವರು ‘ಬರ್ಮಾ ತಮ್ಮಲೆ’, ಬರ್ಮಾದ ಮಾವ. ರಿಜಿಸ್ಟರಿನ ಹೆಸರು ಓದಿದರೆ ‘ಅದ್ಯಾರು’ ಅಂದರು. ಮನೆಯಲ್ಲಿ ಕರೆಯುವ ಹೆಸರೇ ಬೇರೆ. ಒಳಗಿನಿಂದ ವೀಳ್ಯದೆಲೆಯ ತಗಡಿನ ಡಬ್ಬಿ ತರಿಸಿದರು. ಅದರಲ್ಲಿ ಸುಣ್ಣದ ಹುಡಿ ಹಿಡಿದ ಆರು ಮೂಲೆಯ ನಕ್ಷತ್ರ, ಬರ್ಮಾ ಸ್ಟಾರ್ ಅನ್ನುವ ಯುದ್ಧ ಪದಕ. ನಡುವೆ ಕಿರೀಟ, ಸುತ್ತ ಅಕ್ಷರ. ರಿಬ್ಬನ್ ಇಲ್ಲ, ಒಂದು ಮೂಲೆ ಮೊಂಡಾಗಿದೆ. ‘ಹುಣಸೆ ಬೀಜ ತೆಗೆಯಲು ಮಕ್ಕಳಿಗೆ ಅದೇ ಆಗ್ತಿತ್ತು’ ಅಂತ ನಕ್ಕರು.

ಕಿನ್ನಿಗೋಳಿಯವರು ಯಾಕೆ ಮನೆಯ ಹೆಸರು ಹೇಳಲಿಲ್ಲ ಅನ್ನುವುದೂ ಇಲ್ಲಿ ಗೊತ್ತಾಯಿತು. ಸೇರುವಾಗ ಅಪ್ಪನ ವಿಳಾಸ ಕೊಟ್ಟಿದ್ದರಿಂದ ತೀರಿದ ಮೇಲೆ ಹಣ ಆ ಊರಿನ ಅಂಚೆಗೆ ಬಂತಂತೆ. ತಾಯಿ ಇಲ್ಲಿಂದ ನಡೆದೇ ಹೋಗಿ ಕೇಳಿದರಂತೆ. ಎಷ್ಟು ಸಿಕ್ಕಿತು, ಸಿಕ್ಕಿತೋ ಇಲ್ಲವೋ, ಇವರು ಹೇಳಲಿಲ್ಲ. ಆಮೇಲೆ ಎರಡು ಮನೆಗೂ ಮಾತಿಲ್ಲ.

ಕೇಳಿಕೊಂಡರೆ ಪಾಲುಪಟ್ಟಿಯನ್ನೂ ತೋರಿಸುತ್ತಾರೆ, ತಪ್ಪದೆ ಕೇಳಿ. 1949ರ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಪಾಲು ಕೇಳುವ ದಾರಿ ತೆರೆದು ಇಂಥ ಪತ್ರಗಳು ಆದವು. ಈ ಮನೆಯದರಲ್ಲಿ ತಾಯಂದಿರ ಸಾಲು ಹಿಡಿದು ಇಡೀ ವಂಶವಿದೆ. ನಮ್ಮಜ್ಜನ ತಮ್ಮನ ಹೆಸರಿನ ಕೆಳಗೆ ಒಂದೇ ಸಾಲು: ‘ಮಿಲಿಟರಿಯಲ್ಲಿ ನಿಸ್ಸಂತಾನವಾಗಿ ಮೃತ’. ಯಾವ ಕಚೇರಿಯೂ ಕೊಡದ ಕಾಗದ ವೀಳ್ಯದ ಡಬ್ಬಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿತ್ತು.

ಪ್ರತಿ ಆಟಿ ತಿಂಗಳಲ್ಲಿ ತೀರಿದವರಿಗೆ ಬಡಿಸುವಾಗ ಅವರಿಗೂ ಒಂದು ಎಲೆ ಇಡುತ್ತಾರಂತೆ, ಇಷ್ಟು ವರ್ಷ ಬಿಡದೆ. ಸತ್ತ ತಾರೀಕು ಮಾತ್ರ ಗೊತ್ತಿರಲಿಲ್ಲ. ನಾನು ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದ ಹಾಳೆಯನ್ನು ಅವರ ಮೊಮ್ಮಗ ಜೋರಾಗಿ ಓದಿದ. ಅಜ್ಜಿ ಕೇಳಿದ್ದು ಒಂದೇ, ‘ಹೆಂಡತಿ ಅಂತ ಏನಾದರೂ ಬರೆದಿದೆಯಾ?’ ಇಲ್ಲ ಅಂದೆ. ‘ಹಾಗಾದರೆ ಮದುವೆ ಆಗಬೇಕು’ ಅಂದರು. ಕುಲೆ ಮದಿಮೆ, ಮದುವೆಯಾಗದೆ ತೀರಿದವರಿಗೆ ಹಾಗೇ ತೀರಿದ ಹೆಣ್ಣನ್ನು ತರುವುದು. ಬರಿ ಬೇರೆಯಾಗಿರಬೇಕು, ಜಾತಕ ಬೇಡ.

ಮೊನ್ನೆ ಮೊಮ್ಮಗ ಫೋನ್ ಮಾಡಿದ್ದ. ಕಾರ್ಕಳದ ಕಡೆ ಒಂದು ಸಂಬಂಧ ಕೂಡಿಬರುವ ಹಾಗಿದೆಯಂತೆ, ಆದರೆ ಬರುವ ಆಟಿಗೆ. ಆಟಿಯೆಂದರೆ ಜೋರು ಮಳೆ, ಶಿರಾಡಿ ನಂಬಲಾಗದು. ಹಗಲಿನ ರೈಲಿನಲ್ಲಿ ಕಿಟಕಿ ಬದಿ ಸಿಗುತ್ತದೋ ನೋಡಬೇಕು.