ನೀಲಿ ಹಾಳೆ ಮನೆಯಲ್ಲೇ ಇತ್ತು

ಇವತ್ತು ಮಗಳ ಜೊತೆ ಕಾಗದದ ನಕ್ಷತ್ರ ಮಾಡೋಣ ಅಂತ ಒಂದು ಡಿಸೈನ್ ಪ್ರಿಂಟ್ ಕೊಟ್ಟೆ. ಹಿನ್ನೆಲೆ ಪೂರ್ತಿ ನೀಲಿ. ಹಾಳೆ ಹೊರಗೆ ಬಂದಾಗ ಒದ್ದೆ ಬಟ್ಟೆಯ ಹಾಗೆ ಮೆತ್ತಗಾಗಿ, ಅಂಚೆಲ್ಲ ಸುರುಳಿ ಸುತ್ತಿಕೊಂಡಿತ್ತು. ಮುಟ್ಟಿದರೆ ಬೆರಳಿಗೆ ನೀಲಿ.

ಅಷ್ಟು ಇಂಕ್ ಹೋಗಿದ್ದು ಎಲ್ಲಿಗೆ? ಅರ್ಧಕ್ಕರ್ಧ ನಾವು ಕತ್ತರಿಸಿ ಬಿಸಾಡುವ ಜಾಗಕ್ಕೆ. ನಿಜವಾಗಿ ಹೊಟ್ಟೆ ಉರಿಯಿತು.

ಮಗಳು ಸುಮ್ನೆ ಎದ್ದು ಹೋಗಿ ತಿಳಿ ನೀಲಿ ಬಣ್ಣದ ಹಾಳೆ ತಂದಳು. "ಅಮ್ಮಾ, ಇದರ ಮೇಲೆ ಗೆರೆ ಮಾತ್ರ ಬರಲಿ" ಅಂದಳು. ಎಷ್ಟು ಸರಿ ಅಲ್ವಾ! ಹಿನ್ನೆಲೆ ತೆಗೆದೆ, ಕಪ್ಪು ಇಂಕ್ ಮಾತ್ರ ಅಂತ ಆರಿಸಿದೆ, ಕಡಿಮೆ ಇಂಕ್ ಬಳಸುವ ಡ್ರಾಫ್ಟ್ ಮೋಡ್‌ಗೆ ಹಾಕಿದೆ, ಒಂದೇ ಹಾಳೆಯಲ್ಲಿ ನಾಲ್ಕು ನಕ್ಷತ್ರ ಕೂರಿಸಿ, ಪ್ರಿವ್ಯೂನಲ್ಲಿ ಅಳತೆ ಸರಿಯಿದೆಯಾ ಅಂತ ಎರಡು ಸಲ ನೋಡಿ ಆಮೇಲೆ ಪ್ರಿಂಟ್ ಒತ್ತಿದೆ. ಗೆರೆ ಸ್ವಲ್ಪ ಮಸುಕು. ಕತ್ತರಿಗೆ ದಾರಿ ಕಂಡರೆ ಸಾಕಲ್ಲ.

ಮೊದಲು ನಾನು ಇಂಕ್ ಉಳಿಸಲು ಪ್ರಿಂಟರನ್ನು ತಿಂಗಳುಗಟ್ಟಲೆ ಮುಟ್ಟುತ್ತಲೇ ಇರಲಿಲ್ಲ. ಇಂಕ್‌ಜೆಟ್‌ಗೆ ಅದೇ ಕೆಟ್ಟದ್ದು. ಇಂಕ್ ಚಿಮ್ಮುವ ಸಣ್ಣ ತೂತು, ಅಂದರೆ ನಾಜಲ್‌ನಲ್ಲಿ ಇಂಕ್ ಒಣಗಿ ಕಟ್ಟಿಕೊಳ್ಳುತ್ತದೆ, ಬಿಡಿಸಲು ಕ್ಲೀನಿಂಗ್ ಕೊಟ್ಟರೆ ಅದು ಇನ್ನೂ ಜಾಸ್ತಿ ಇಂಕ್ ಕುಡಿಯುತ್ತದೆ. ಈಗ ವಾರಕ್ಕೊಮ್ಮೆ ಬಣ್ಣದ ಒಂದು ಪುಟ್ಟ ಚಿತ್ರವನ್ನಾದರೂ ಪ್ರಿಂಟ್ ಮಾಡುತ್ತೇನೆ. ಅವು ಮಗಳ ಪುಸ್ತಕದ ಲೇಬಲ್ ಆಗುತ್ತವೆ.

ನಕ್ಷತ್ರಗಳು ಈಗ ಕಿಟಕಿಯಲ್ಲಿ ತೂಗುತ್ತಿವೆ. ಎರಡೂ ಕಡೆ ನೀಲಿ.