ಪರದೆಯ ಮೇಲಿನ 12 ಪಾಯಿಂಟ್

ನಮ್ಮ ಕೊಪ್ಪಳದ ಓಣಿಯ ಭಜನಾ ಮಂಡಳಿಗೆ ಶ್ರಾವಣದ ಪದಗಳ ಪುಸ್ತಿಕೆಯೊಂದನ್ನು ಲಿಬ್ರೆಆಫೀಸ್ ಎಂಬ ಬರವಣಿಗೆ ತಂತ್ರಾಂಶದಲ್ಲಿ ಸಿದ್ಧಪಡಿಸುವಾಗ, 12 ಪಾಯಿಂಟ್ ಅಕ್ಷರ ಲ್ಯಾಪ್‌ಟಾಪಿನಲ್ಲಿ ತೀರ ಸಣ್ಣದಾಗಿ ಕಂಡದ್ದರಿಂದ ನಾನು ಅದನ್ನು 16ಕ್ಕೆ ಏರಿಸಿದ್ದೆ. 24 ಪುಟಗಳಲ್ಲಿ ಮುಗಿಯಬೇಕಾಗಿದ್ದ ಪುಸ್ತಿಕೆ 40 ದಾಟಿತು. ಅಚ್ಚಾಗಿ ಬಂದ ಕರಡನ್ನು ಕೈಯಲ್ಲಿ ಹಿಡಿದಾಗಲೇ, ತಪ್ಪು ಅಕ್ಷರದ್ದಲ್ಲ, ಪರದೆಯ ಅಳತೆಯದ್ದು ಎಂದು ತಿಳಿದದ್ದು.

ಒಂದು ಪಾಯಿಂಟ್ ಎಂದರೆ ಇಂಚಿನ 72ನೆಯ ಒಂದು ಭಾಗ. ಅದನ್ನು ಪಿಕ್ಸೆಲ್‌ಗೆ (ಪರದೆಯ ಚುಕ್ಕೆಗಳಿಗೆ) ಪರಿವರ್ತಿಸಲು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕ, ಅಂದರೆ ಡಿಪಿಐ, ಬೇಕು. ಲಿನಕ್ಸ್ ಡೆಸ್ಕ್‌ಟಾಪ್‌ಗಳು ಸಾಮಾನ್ಯವಾಗಿ ಇದನ್ನು 96 ಎಂದೇ ಇಟ್ಟುಕೊಳ್ಳುತ್ತವೆ. ಆ ಲೆಕ್ಕದಲ್ಲಿ 12 ಪಾಯಿಂಟಿಗೆ 16 ಪಿಕ್ಸೆಲ್. ನನ್ನ 15.6 ಇಂಚಿನ ಪರದೆಯ ಅಗಲ 344 ಮಿಲಿಮೀಟರ್, ಅದರಲ್ಲಿ 1920 ಪಿಕ್ಸೆಲ್‌ಗಳಿರುವುದರಿಂದ ಇಂಚಿಗೆ ಸುಮಾರು 142 ಆಗುತ್ತದೆ. ಹೀಗಾಗಿ ನನ್ನ 12 ಪಾಯಿಂಟ್ ಅಕ್ಷರ ಕಣ್ಣಿಗೆ ಕೇವಲ 8 ಪಾಯಿಂಟಿನಷ್ಟಿತ್ತು.

ಇಂಥಲ್ಲಿ ಬಹಳ ಜನ ರೆಸಲ್ಯೂಶನ್ನನ್ನೇ (ಪರದೆಯ ಪಿಕ್ಸೆಲ್ ಸಂಖ್ಯೆಯನ್ನೇ) 1366×768ಕ್ಕೆ ಇಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಕ್ಷರ ದೊಡ್ಡದಾಗುವುದು ನಿಜ, ಆದರೆ ಚಿತ್ರದ ಒಂದು ಪಿಕ್ಸೆಲ್ಲು ಪರದೆಯ ಒಂದು ಪಿಕ್ಸೆಲ್ಲಿಗೆ ಸರಿಯಾಗಿ ಕೂರದೆ ಅಂಚುಗಳೆಲ್ಲ ಕದಡುತ್ತವೆ, ಮತ್ತು ಆ ಪೆಟ್ಟು ಮೊದಲು ಬೀಳುವುದು ನಮ್ಮ ಲಿಪಿಗೆ. ‘ರ’ ಮತ್ತು ‘ಠ’ಗಳನ್ನು ಬೇರ್ಪಡಿಸುವುದು ನಡುವಿನ ಒಂದು ಚುಕ್ಕೆ, ‘ರಾಷ್ಟ್ರ’ ಎಂಬ ಪದದಲ್ಲಿ ‘ಷ’ದ ಕೆಳಗೆ ಎರಡು ಒತ್ತುಗಳು ಪುಟ್ಟ ಜಾಗದಲ್ಲಿ ಒತ್ತಾಗಿ ಕೂರಬೇಕು. ಕದಡಿದ ಪರದೆಯಲ್ಲಿ ಅವು ಒಂದೇ ಕಪ್ಪು ಮಚ್ಚೆಯಾಗುತ್ತವೆ.

ರೆಸಲ್ಯೂಶನ್ ಪರದೆಯ ಮೂಲದ್ದೇ ಇರಲಿ, ಡಿಪಿಐಯನ್ನು ತಿದ್ದಿ. ಎಕ್ಸ್‌ಎಫ್‌ಸಿಇ ಎಂಬ ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಸೆಟ್ಟಿಂಗ್ಸ್‌ನ ಅಪಿಯರೆನ್ಸ್ ಒಳಗೆ ಫಾಂಟ್ಸ್ ಪುಟಕ್ಕೆ ಹೋಗಿ ಕಸ್ಟಮ್ ಡಿಪಿಐಗೆ ಗುರುತು ಹಾಕಿ, ನಿಮ್ಮ ಪರದೆಯ ಡಿಪಿಐ ಅಂಕಿಯನ್ನು ಬರೆದು, ಒಮ್ಮೆ ಲಾಗೌಟ್ ಆಗಿ ಬಂದರೆ ಕೆಲಸ ಮುಗಿಯಿತು. ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪಿನಲ್ಲಿ ಟ್ವೀಕ್ಸ್ ಎಂಬ ತಂತ್ರಾಂಶದ ಮೂಲಕ ಅಕ್ಷರದ ಸ್ಕೇಲಿಂಗ್ ಬದಲಿಸಬೇಕು. ಅಲ್ಲಿ 142ನ್ನು 96ರಿಂದ ಭಾಗಿಸಿ 1.48 ಎಂದು ಕೊಡಬೇಕು.

ಪರದೆಯ ಅಳತೆಯನ್ನು ಎಕ್ಸ್‌ರ್‍ಯಾಂಡರ್ ಎಂಬ ಟರ್ಮಿನಲ್ ಆದೇಶ ಮಿಲಿಮೀಟರಿನಲ್ಲಿ ತೋರಿಸುತ್ತದೆ, ಆದರೆ ಅದು ಪರದೆ ತಾನೇ ಹೇಳಿಕೊಂಡ ಅಳತೆ. ಕೆಲವು ಟಿವಿಗಳು 160×90 ಎಂದು ಬರಿಯ ಅನುಪಾತವನ್ನೇ ಅಳತೆಯೆಂಬಂತೆ ಹೇಳುತ್ತವೆ. ಆದ್ದರಿಂದ ನಾನು ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲನ್ನೇ ನಂಬಿ, ಚೌಕಟ್ಟು ಬಿಟ್ಟು ಬೆಳಕಿರುವ ಭಾಗವನ್ನಷ್ಟೇ ಅಳೆದೆ.

ಕೊನೆಗೆ 100% ಜೂಮ್‌ನಲ್ಲಿ ಎ4 ಪುಟವನ್ನು ತೆರೆದು, ಖಾಲಿ ಎ4 ಹಾಳೆಯೊಂದನ್ನು ಪರದೆಗೆ ಆನಿಸಿ ಹಿಡಿದೆ. ಮೊದಲು 142 ಮಿಲಿಮೀಟರ್ ಅಗಲವಿದ್ದ ಪುಟ ಈಗ 210 ಆಗಿ, ಹಾಳೆಯ ಎರಡೂ ಅಂಚುಗಳಿಗೆ ಸರಿಯಾಗಿ ಕೂತಿತು. ಪುಸ್ತಿಕೆಯನ್ನು ಅದೇ ಸಂಜೆ 12 ಪಾಯಿಂಟಿಗೆ ಇಳಿಸಿ ಮತ್ತೆ ಕಳಿಸಿದೆ.